ಕಾರಿನ ಎಲ್‌ಇಡಿ ಮಿಟುಕ್ತಾ ಇದ್ಯಾ? ಡಿಕೋಡರ್ ಕೊಳ್ಳೋ ಮುಂಚೆ ಇದನ್ನ ಕೇಳಿ

ಹೋದ ಸಂಚಿಕೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋದರ ಬಗ್ಗೆ ಮಾತಾಡಿದ್ವಿ. ಅದಾದ ಮೇಲೆ ಬಂದ ವಾಯ್ಸ್ ನೋಟ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಬ್ರೋ, ಹೆಡ್‌ಲೈಟ್‌ಗೆ ಎಲ್‌ಇಡಿ ಹಾಕಿಸ್ದೆ, ಮಿಟುಕ್ತಾ ಇದೆ. ಅಂಗಡಿಯವರು ಡಿಕೋಡರ್ ಹಾಕ್ಸಿ ಅಂತಿದ್ದಾರೆ. ಹಾಕಿಸ್ಲಾ?"

ನನ್ನ ಉತ್ತರ: ಈಗಲೇ ಬೇಡ. ಯಾವಾಗ ಮಿಟುಕುತ್ತೆ, ಹೇಗೆ ಮಿಟುಕುತ್ತೆ ಅನ್ನೋದನ್ನ ಮೊದಲು ನೋಡಿ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನೋಡದೇ ಸಾಮಾನು ಕೊಳ್ಳೋಕೆ ಶುರು ಮಾಡಿದ್ರೆ ಬರೀ ದುಡ್ಡು ಹೋಗೋದಲ್ಲ, ರಾತ್ರಿ ರಸ್ತೆ ಮಧ್ಯೆ ಲೈಟೇ ಹೋಗಬಹುದು. ನಮ್ಮ ಮನೆಯವರಿಗೇ ಹಾಗಾಗಿದೆ, ಆ ಕಥೆ ಆಮೇಲೆ ಹೇಳ್ತೀನಿ.

ನಾನು ಓದಿದ್ದು ಬಿ.ಕಾಂ. ಎಂಜಿನಿಯರ್ ಅಲ್ಲ. ಆದರೆ ಕಾರಿನ ವೈರಿಂಗ್ ಕೂಡ ಒಂಥರಾ ಲೆಡ್ಜರ್ ಇದ್ದ ಹಾಗೆ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬಿಗೆ ಹೋಗಿ ವಾಪಸ್ ಬ್ಯಾಟರಿಗೇ ಬರಬೇಕು. ಟ್ಯಾಲಿ ಆಗಲಿಲ್ಲ ಅಂದ್ರೆ ಮಧ್ಯದಲ್ಲಿ ಯಾರೋ ತಿಂದಿದ್ದಾರೆ ಅಂತ ಅರ್ಥ.

ಮೊದಲು ಬಲ್ಬಿನ ಸ್ವಭಾವ ತಿಳ್ಕೊಳ್ಳೋಣ. ಹಳೇ ಹ್ಯಾಲೊಜೆನ್ ಬಲ್ಬಿನ ಒಳಗೆ ಇರೋದು ಒಂದು ತಂತಿ. ಅದು ಕಾದು ಕೆಂಪಾಗಿ ಬೆಳಕು ಕೊಡುತ್ತೆ. ಒಂದು ಕ್ಷಣ ಕರೆಂಟು ತಪ್ಪಿದ್ರೂ ತಂತಿ ತಕ್ಷಣ ಆರಲ್ಲ, ಒಲೆ ಆರಿಸಿದ ಮೇಲೂ ಕಾವಲಿ ಬಿಸಿ ಇರೋ ಹಾಗೆ. ಅದಕ್ಕೇ ವೈರಿಂಗಲ್ಲಿ ಸಣ್ಣಪುಟ್ಟ ಸಡಿಲ ಇದ್ರೂ ಹ್ಯಾಲೊಜೆನ್ ನಿಮಗೆ ಗೊತ್ತಾಗೋಕೆ ಬಿಡಲ್ಲ, ಸ್ವಲ್ಪ ಮಂಕಾಗಿ ಸುಮ್ಮನೆ ಉರೀತಾ ಇರುತ್ತೆ. ಎಲ್‌ಇಡಿಗೆ ಆ ಸಹನೆ ಇಲ್ಲ. ಕರೆಂಟು ನಿಂತ ಕೂಡ್ಲೇ ಆರುತ್ತೆ, ಬಂದ ಕೂಡ್ಲೇ ಹೊತ್ತುತ್ತೆ. ಜೊತೆಗೆ ಅದರ ಹಿಂದೆ ಡ್ರೈವರ್ ಅನ್ನೋ ಒಂದು ಪುಟ್ಟ ಸರ್ಕ್ಯೂಟ್ ಕೂತಿರುತ್ತೆ. ವೋಲ್ಟೇಜು ಒಂದು ಮಟ್ಟಕ್ಕಿಂತ ಕೆಳಗೆ ಬಿದ್ರೆ ಅದು ಬಲ್ಬನ್ನ ಆಫ್ ಮಾಡುತ್ತೆ. ಆಫ್ ಆದ ತಕ್ಷಣ ಲೋಡ್ ಇಳಿದು ವೋಲ್ಟೇಜು ಮೇಲೇಳುತ್ತೆ. ಮತ್ತೆ ಆನ್. ಮತ್ತೆ ಬೀಳುತ್ತೆ, ಮತ್ತೆ ಆಫ್. ಹೊರಗೆ ನಿಂತು ನೋಡೋರಿಗೆ ಬಲ್ಬು ಹಾಳಾದ ಹಾಗೆ ಕಾಣುತ್ತೆ. ಆದರೆ ಎಷ್ಟೋ ಸಲ ಅದು ಕಾರಿನ ಹಳೇ ಕಾಯಿಲೆಯನ್ನ ತೋರಿಸ್ತಾ ಇರುತ್ತೆ ಅಷ್ಟೇ.

ಎರಡನೇ ಕಾರಣ ಕಾರಿನ ಕಂಪ್ಯೂಟರ್. ಈಗಿನ ಎಷ್ಟೋ ಕಾರುಗಳಲ್ಲಿ ಲೈಟಿನ ಸ್ವಿಚ್ಚು ನೇರವಾಗಿ ಬಲ್ಬಿಗೆ ಕರೆಂಟು ಕಳಿಸಲ್ಲ. ಮಧ್ಯೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತ ಒಂದು ಇರುತ್ತೆ. ಬಲ್ಬು ಬೇಗ ಸುಟ್ಟುಹೋಗದೇ ಇರಲಿ ಅಂತಲೋ, ಹಗಲು ಹೊತ್ತಲ್ಲಿ ಅದೇ ಬಲ್ಬನ್ನ ಕಮ್ಮಿ ಬೆಳಕಲ್ಲಿ ಉರಿಸೋಣ ಅಂತಲೋ ಅದು ಕರೆಂಟನ್ನ ತುಂಡು ತುಂಡಾಗಿ ಕಳಿಸುತ್ತೆ. ಸೆಕೆಂಡಿಗೆ ನೂರಾರು ಸಲ ಆನ್, ಆಫ್. ಇದನ್ನ ಪಿಡಬ್ಲ್ಯುಎಂ ಅಂತಾರೆ. ಹ್ಯಾಲೊಜೆನ್ ತಂತಿಗೆ ಇದು ಗೊತ್ತೇ ಆಗಲ್ಲ. ಎಲ್‌ಇಡಿಗೆ ಪ್ರತಿಯೊಂದು ತುಂಡೂ ಗೊತ್ತಾಗುತ್ತೆ. ಅಂಗಡಿಯಲ್ಲಿ ಡಿಕೋಡರ್ ಅಂತ ಕೊಡೋ ಡಬ್ಬಿ ನಿಜವಾಗ್ಲೂ ಕೆಲಸಕ್ಕೆ ಬರೋದು ಇಲ್ಲೇ. ಒಳಗೆ ಕೆಪಾಸಿಟರ್ ಇರುತ್ತೆ, ತುಂಡು ಕರೆಂಟನ್ನ ತುಂಬಿಸ್ಕೊಂಡು ಒಂದೇ ಸಮ ಮಾಡಿ ಬಲ್ಬಿಗೆ ಕೊಡುತ್ತೆ. ಕೆಲವದರಲ್ಲಿ ಒಂದು ರೆಸಿಸ್ಟರ್ ಕೂಡ ಇರುತ್ತೆ, "ಇಲ್ಲಿ ದೊಡ್ಡ ಬಲ್ಬೇ ಇದೆ" ಅಂತ ಕಂಪ್ಯೂಟರನ್ನ ನಂಬಿಸೋಕೆ.

ಹಾಗೇ ಒಂದು ಮಾತು. ಬಾಕ್ಸ್ ಮೇಲೆ "ಕ್ಯಾನ್‌ಬಸ್ ರೆಡಿ" ಅಂತ ದೊಡ್ಡದಾಗಿ ಪ್ರಿಂಟ್ ಮಾಡಿರ್ತಾರಲ್ಲ, ಅದನ್ನ ನೋಡಿ ಮರುಳಾಗ್ಬೇಡಿ. ಕ್ಯಾನ್‌ಬಸ್ ಅನ್ನೋದು ಕಾರಿನ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡೋ ನೆಟ್‌ವರ್ಕು. ಬಲ್ಬು ಅದರಲ್ಲಿ ಮಾತಾಡೋದೇ ಇಲ್ಲ. ಎಷ್ಟು ಕರೆಂಟು ಹೋಗ್ತಿದೆ ಅಂತ ಮಾಡ್ಯೂಲ್ ನೋಡುತ್ತೆ, ಅಷ್ಟೇ ಸಂಬಂಧ. ಡಿಕೋಡ್ ಮಾಡೋದಕ್ಕೂ ಅಲ್ಲಿ ಏನೂ ಇಲ್ಲ. ಹೆಸರಲ್ಲೇ ಅರ್ಧ ಮಾರ್ಕೆಟಿಂಗ್.

ಹಾಗಾದ್ರೆ ನಿಮ್ಮ ಕಾರಲ್ಲಿ ಇರೋದು ಸಡಿಲ ಸಂಪರ್ಕವಾ, ಪಿಡಬ್ಲ್ಯುಎಂಆ? ಇದಕ್ಕೆ ಬೇಕಾದ ಸಾಮಾನು ನಿಮ್ಮ ಕೈಯಲ್ಲೇ ಇದೆ. ನಿಮ್ಮ ಫೋನು. ರಾತ್ರಿ ಕಾರನ್ನ ಗೋಡೆ ಎದುರು ನಿಲ್ಲಿಸಿ, ಇಂಜಿನ್ ಆನ್ ಇರಲಿ, ಲೈಟ್ ಹಾಕಿ. ಕ್ಯಾಮೆರಾನ ಸ್ಲೋ ಮೋಷನ್‌ಗೆ ಇಟ್ಟು ಗೋಡೆ ಮೇಲಿನ ಬೆಳಕನ್ನ ಅರ್ಧ ನಿಮಿಷ ಶೂಟ್ ಮಾಡಿ. ನೇರ ಬಲ್ಬಿಗೆ ಕ್ಯಾಮೆರಾ ಹಿಡಿಬೇಡಿ, ಏನೂ ಕಾಣಲ್ಲ. ಆಮೇಲೆ ವಿಡಿಯೋ ನೋಡಿ. ಬೆಳಕು ಒಂದೇ ತಾಳದಲ್ಲಿ, ಎರಡೂ ಕಡೆ ಒಂದೇ ಥರ ಬಡ್ಕೊಳ್ತಾ ಇದ್ರೆ ಅದು ಕಂಪ್ಯೂಟರಿನ ಕೆಲಸ. ತಾಳವೇ ಇಲ್ಲ, ಒಂದು ಕಡೆ ಮಾತ್ರ, ಯಾವಾಗ ಬೇಕೋ ಆವಾಗ ತಪ್ತಾ ಇದೆ ಅಂದ್ರೆ ಎಲ್ಲೋ ಒಂದು ಜಾಯಿಂಟು ಸಡಿಲ, ಇಲ್ಲಾ ಬಲ್ಬು ಸಾಯೋಕೆ ಹೊರಟಿದೆ.

ಇಲ್ಲೊಂದು ಎಚ್ಚರಿಕೆ. ಕ್ಯಾಮೆರಾದಲ್ಲಿ ಮಾತ್ರ ಮಿಟುಕಿ ಕಣ್ಣಿಗೆ ಸ್ಥಿರವಾಗಿ ಕಂಡ್ರೆ ಅದು ಕಾಯಿಲೆ ಅಲ್ಲ. ಕಂಪನಿಯಿಂದಲೇ ಬಂದ ಎಲ್‌ಇಡಿ ಲೈಟುಗಳೂ ಡ್ಯಾಶ್‌ಕ್ಯಾಮ್‌ನಲ್ಲಿ ಹಾಗೇ ಕಾಣ್ತವೆ. ಮುಂದಿನ ಕಾರಿನ ಟೇಲ್ ಲ್ಯಾಂಪ್ ಪಟಪಟ ಅಂತ ಬಡ್ಕೊಳ್ಳೋ ರೀಲ್ಸ್ ನೀವೂ ನೋಡಿರ್ತೀರಾ. ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ಒಂದೇ ಕಡೆ ತೊಂದರೆ ಇದ್ರೆ ಮುಂದಿನ ಹೆಜ್ಜೆ ಇನ್ನೂ ಸುಲಭ. ಎಡಗಡೆ ಬಲ್ಬು ಬಲಕ್ಕೆ, ಬಲಗಡೆದು ಎಡಕ್ಕೆ ಹಾಕಿ. ಮಿಟುಕು ಬಲ್ಬಿನ ಜೊತೆ ಹೊರಟುಹೋಯ್ತಾ, ತಪ್ಪು ಬಲ್ಬಿನದು. ವಾರಂಟಿ ಕಾರ್ಡು ಹುಡುಕಿ. ಬಲ್ಬು ಬದಲಾದ್ರೂ ಎಡಗಡೆಯೇ ಮಿಟುಕ್ತಿದ್ಯಾ? ಹಾಗಾದ್ರೆ ನೂರು ಹೊಸ ಬಲ್ಬು ತಂದ್ರೂ ಉಪಯೋಗ ಇಲ್ಲ. ಹೋಲ್ಡರ್, ಕಪ್ಲರ್, ಅರ್ತ್ ಮೂರರಲ್ಲಿ ಒಂದು ಕೆಟ್ಟಿದೆ. ಐದು ನಿಮಿಷದ ಕೆಲಸ ಇದು, ಆದರೂ ಅಂಗಡಿಗಳಲ್ಲಿ ಯಾರೂ ಮಾಡಲ್ಲ. ಯಾಕೆ ಅಂತ ನಾನು ಹೇಳಬೇಕಿಲ್ಲ, ಬಲ್ಬು ಅದಲುಬದಲು ಮಾಡಿದ್ರೆ ಬಿಲ್ಲು ಹಾಕೋಕೆ ಬರಲ್ಲ.

ಈಗ ಆ ಕಥೆ. ನಮ್ಮ ದೊಡ್ಡಮ್ಮನ ಮಗ ಮೂಡಿಗೆರೆಯಲ್ಲಿದ್ದಾನೆ. ಒಂದು ಹ್ಯಾಚ್‌ಬ್ಯಾಕ್ ಸಾಲ ಮಾಡಿ ತಗೊಂಡು ಟ್ಯಾಕ್ಸಿ ಓಡಿಸ್ತಾನೆ. ಹೆಚ್ಚಿನ ಬಾಡಿಗೆ ಧರ್ಮಸ್ಥಳಕ್ಕೆ. ಅಂದ್ರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಹೋಗೋ ದಾರಿ. ಆ ದಾರಿ ಗೊತ್ತಿರೋರಿಗೆ ಹೇಳೋದೇ ಬೇಡ. ಮಳೆಗಾಲದಲ್ಲಿ ಮಂಜು, ತಿರುವು ಮೇಲೆ ತಿರುವು, ಬೀದಿದೀಪ ಅನ್ನೋ ಮಾತೇ ಇಲ್ಲ. ಹ್ಯಾಲೊಜೆನ್ ಸಾಲಲ್ಲ ಅಂತ ಅಣ್ಣ ಎಲ್‌ಇಡಿ ಹಾಕಿಸ್ದ, 2,800 ರೂಪಾಯಿ. ತಿಂಗಳೊಳಗೆ ಎಡಗಡೆ ಮಿಟುಕೋಕೆ ಶುರು. ಗುಂಡಿ ಬಂದ್ರೆ ಜಾಸ್ತಿ, ಮಳೆ ಬಂದ್ರೆ ಇನ್ನೂ ಜಾಸ್ತಿ. ಅಂಗಡಿಯವರು 900 ರೂಪಾಯಿಗೆ ಡಿಕೋಡರ್ ಹಾಕಿದ್ರು. ಹೋಗಲಿಲ್ಲ. ಬಲ್ಬೇ ಸರಿ ಇಲ್ಲ ಅಂತ 3,500ಕ್ಕೆ ಬೇರೆ ಜೋಡಿ. ಹೋಗಲಿಲ್ಲ. ಕಂಪನಿ ವೈರಿಂಗ್ ವೀಕು ಅಂತ 1,200ಕ್ಕೆ ರಿಲೇ ಇರೋ ವೈರಿಂಗ್ ಕಿಟ್, ಮೇಲೆ 500 ಕೂಲಿ. ಕೂಡಿಸಿ ನೋಡಿ, 8,900 ರೂಪಾಯಿ. ಇಷ್ಟು ಖರ್ಚು ಮಾಡಿದ್ದೀನಲ್ಲ, ಇನ್ನೊಂದು ಸಾವಿರ ಹಾಕಿದ್ರೆ ಸರಿಹೋಗಬಹುದು ಅಂತ ಪ್ರತಿ ಸಲ ಅನ್ಸಿದೆ. ನಮ್ಮ ಕಾಮರ್ಸ್ ಕ್ಲಾಸಲ್ಲಿ ಇದನ್ನ ಸಂಕ್ ಕಾಸ್ಟ್ ಅಂತ ಪಾಠ ಮಾಡ್ತಾರೆ, ಪರೀಕ್ಷೆಗೆ ಬರೆದು ಎಲ್ಲರೂ ಮರೀತಾರೆ.

ಕಿಟ್ ಹಾಕಿದ ಎರಡನೇ ವಾರ, ಸಂಜೆ ಏಳೂವರೆ ಸುಮಾರಿಗೆ, ಹಿಂದೆ ಸೀಟಲ್ಲಿ ವಯಸ್ಸಾದ ದಂಪತಿ, ಜೊತೆಗೆ ಅವರ ಮೊಮ್ಮಗಳು. ಘಾಟಿಯ ಒಂದು ತಿರುವಲ್ಲಿ ಎರಡೂ ಹೆಡ್‌ಲೈಟು ಒಟ್ಟಿಗೆ ಆರಿಹೋದವು. ಮುಂಚೆ ಒಂದೇ ಕಡೆ ಮಿಟುಕ್ತಾ ಇದ್ದದ್ದು, ಈಗ ಎರಡೂ. ಅಣ್ಣ ಬ್ರೇಕ್ ಒತ್ತಿ, ಹಜಾರ್ಡ್ ಹಾಕಿ, ಬೆಟ್ಟದ ಕಡೆಗೆ ಒತ್ತಿ ನಿಲ್ಲಿಸ್ದ. ಆಮೇಲೆ ಬಂಪರಲ್ಲಿದ್ದ ಹಳೇ ಹ್ಯಾಲೊಜೆನ್ ಫಾಗ್ ಲ್ಯಾಂಪಿನ ಬೆಳಕಲ್ಲಿ ಮೊದಲನೇ ಗೇರಲ್ಲೇ ಕೆಳಗಿಳಿದ. ಯಾರಿಗೂ ಏನೂ ಆಗಲಿಲ್ಲ. ಎದುರಿಂದ ಲಾರಿ ಬಂದಿದ್ರೆ ಅನ್ನೋ ಮಾತನ್ನ ದೊಡ್ಡಮ್ಮನ ಮುಂದೆ ಇವತ್ತಿಗೂ ನಾವು ಎತ್ತಲ್ಲ.

ಯಾಕೆ ಎರಡೂ ಹೋಯ್ತು ಅಂತ ಉಜಿರೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಕಂಡುಹಿಡಿದ್ರು. ಅವರು ಮೊದಲು ಕೇಳಿದ್ದೇ "ಈ ಗಾಡಿ ಎಡಗಡೆ ಏನಾದ್ರೂ ಪೆಟ್ಟಾಗಿತ್ತಾ?" ಅಂತ. ಆಗಿತ್ತು. ಅದಕ್ಕೂ ಒಂದು ವರ್ಷ ಮುಂಚೆ ಎಡಗಡೆ ಸಣ್ಣದಾಗಿ ಗುದ್ದಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ್ದ. ಪೇಂಟ್ ಹೊಡೆದವರು ಒಳಗಿನ ಅರ್ತ್ ಬೋಲ್ಟು ಕೂರೋ ಜಾಗಕ್ಕೂ ಹೊಡೆದು, ಅದರ ಮೇಲೇ ವೈರು ಇಟ್ಟು ಬೋಲ್ಟು ಬಿಗಿದಿದ್ರು. ಅಂದ್ರೆ ವೈರಿಗೂ ಬಾಡಿಗೂ ಮಧ್ಯೆ ಪೇಂಟು, ಅದರ ಸುತ್ತ ತುಕ್ಕು. ಹ್ಯಾಲೊಜೆನ್ ಇದ್ದಾಗ ಎಡಗಡೆ ಸ್ವಲ್ಪ ಹಳದಿ ಹಳದಿ ಉರೀತಿತ್ತು, ಯಾರೂ ಗಮನಿಸಿರಲಿಲ್ಲ. ಎಲ್‌ಇಡಿ ಹಾಕಿದ್ಮೇಲೆ ಮಿಟುಕು. ವೈರಿಂಗ್ ಕಿಟ್ ಹಾಕಿದವರು ಏನು ಮಾಡಿದ್ರು ಗೊತ್ತಾ? ಬ್ಯಾಟರಿ ಹತ್ತಿರ ಸುಲಭವಾಗಿ ಸಿಕ್ಕಿದ್ದು ಅದೇ ಬೋಲ್ಟು. ಎರಡೂ ಲೈಟಿನ ಅರ್ತನ್ನ ಅದಕ್ಕೇ ಸೇರಿಸಿದ್ರು. ಆವರೆಗೂ ಸರಿಯಾಗಿದ್ದ ಬಲಗಡೆ ಲೈಟನ್ನೂ ಕೆಟ್ಟ ಬೋಲ್ಟಿಗೆ ಕಟ್ಟಿಹಾಕಿದ ಹಾಗಾಯ್ತು.

ರಿಪೇರಿಗೆ ಬೇಕಾಗಿದ್ದು ಹತ್ತು ನಂಬರ್ ಸ್ಪ್ಯಾನರ್, ಒಂದು ತುಂಡು ಎಮರಿ ಪೇಪರ್, ಮೇಲೆ ಸವರೋಕೆ ಚೂರು ಗ್ರೀಸು. ಅವರು ತಗೊಂಡಿದ್ದು 150 ರೂಪಾಯಿ.

ಅರ್ತ್ ಪರೀಕ್ಷೆ ಮಾಡೋದು ನೀವೂ ಕಲೀಬಹುದು, ಒಂದು ಸಾಧಾರಣ ಮಲ್ಟಿಮೀಟರ್ ಇದ್ರೆ ಸಾಕು. ಎಲ್‌ಇಡಿ ತೆಗೆದು ಹಳೇ ಹ್ಯಾಲೊಜೆನ್ನೇ ವಾಪಸ್ ಹಾಕಿ. ಯಾಕಂದ್ರೆ 55 ವ್ಯಾಟಿನ ಹ್ಯಾಲೊಜೆನ್ ನಾಲ್ಕೂವರೆ ಆಂಪಿಯರ್ ಹತ್ತಿರ ಎಳೆಯುತ್ತೆ. ಎಲ್‌ಇಡಿ ಎಳೆಯೋದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಮ್ಮಿ. ಜಾಸ್ತಿ ಕರೆಂಟು ಹರಿದಾಗಲೇ ಜಾಯಿಂಟಿನ ದೋಷ ಎದ್ದು ಕಾಣೋದು. ಲೈಟ್ ಆನ್ ಮಾಡಿ, ಮೀಟರನ್ನ ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಬಲ್ಬಿನ ಕಪ್ಲರಿನ ಅರ್ತ್ ಪಿನ್ ಮೇಲೆ. ಯಾವ ಪಿನ್ ಅರ್ತ್ ಅಂತ ಗೊತ್ತಿಲ್ದಿದ್ರೆ ನಿಮ್ಮ ಎಲೆಕ್ಟ್ರಿಷಿಯನ್ ಹತ್ರ ಒಂದ್ಸಲ ತೋರಿಸ್ಕೊಳ್ಳಿ, ಕಾರಿಂದ ಕಾರಿಗೆ ಬೇರೆ ಇರುತ್ತೆ. 0.1 ವೋಲ್ಟ್ ಆಸುಪಾಸು ಬಂದ್ರೆ ಅರ್ತ್ ಚೆನ್ನಾಗಿದೆ. 0.2 ತನಕ ನಡೆಯುತ್ತೆ. ಅರ್ಧ ವೋಲ್ಟು, ಒಂದು ವೋಲ್ಟು ತೋರಿಸ್ತಾ ಇದ್ರೆ ಅಥವಾ ಸಂಖ್ಯೆ ಕುಣೀತಾ ಇದ್ರೆ ಕಳ್ಳ ಸಿಕ್ಕಿದ ಹಾಗೇ. ಅಣ್ಣನ ಕಾರಲ್ಲಿ ಬಾನೆಟ್ ಅಂಚನ್ನ ಕೈಯಲ್ಲಿ ತಟ್ಟಿದ್ರೆ ಮೀಟರಿನ ಅಂಕಿ ನೆಗೀತಿತ್ತು. ಹ್ಯಾಲೊಜೆನ್ ಗಾಜನ್ನ ಬರಿಗೈಲಿ ಮುಟ್ಬೇಡಿ, ಬೆರಳಿನ ಜಿಡ್ಡು ಕೂತ್ರೆ ಆ ಜಾಗ ಹೆಚ್ಚು ಕಾದು ಬಲ್ಬಿನ ಆಯಸ್ಸು ಕಮ್ಮಿ ಆಗುತ್ತೆ. ಹಾಗೇ ಉಪ್ಪುಗಾಳಿಯ ಮಂಗಳೂರು, ಕಾರವಾರದವರು, ಮಲೆನಾಡಿನವರು ಬ್ಯಾಟರಿ ಟರ್ಮಿನಲ್ಲನ್ನೂ ನೋಡಿ. ಅಲ್ಲಿ ಬಿಳಿ, ನೀಲಿ ಪುಡಿ ಕಟ್ಟಿದ್ರೆ ಮೊದಲು ಅದನ್ನ ತೊಳೀರಿ.

ರಿಲೇ ಕಿಟ್ ಬಗ್ಗೆ ಇನ್ನೊಂದು ಮಾತು. ಹಳೇ ಕಾರಲ್ಲಿ, ಹೆಚ್ಚು ವ್ಯಾಟಿನ ಹ್ಯಾಲೊಜೆನ್ನಿಗೆ ಅದು ಒಳ್ಳೇದೇ. ಆದರೆ ಪಿಡಬ್ಲ್ಯುಎಂ ಇರೋ ಕಾರಲ್ಲಿ ಆ ರಿಲೇ ಕೂಡ ತುಂಡು ಕರೆಂಟಿಗೆ ಟರ್‌ರ್ ಅಂತ ನಡುಗೋಕೆ ಶುರು ಮಾಡುತ್ತೆ. ಬಾನೆಟ್ ಒಳಗಿಂದ ಜೀರುಂಡೆ ಸದ್ದು ಬರ್ತಿದೆ ಅಂತ ಒಬ್ಬರು ಬರೆದಿದ್ರು, ಅದು ಇದೇ ಇರ್ಬೇಕು.

ಸರಿ, ಕೆಲವರ ಸಮಸ್ಯೆ ಬೇರೆ. ಲೈಟ್ ಹಾಕಿದ ತಕ್ಷಣ ಚೆನ್ನಾಗಿರುತ್ತೆ, ಇಪ್ಪತ್ತು ನಿಮಿಷ ಆದ ಮೇಲೆ ಮಂಕಾಗುತ್ತೆ, ಆಮೇಲೆ ಮಿಟುಕುತ್ತೆ. ಇದು ಬಿಸಿ. ಎಲ್‌ಇಡಿ ತಣ್ಣಗಿರುತ್ತೆ ಅನ್ನೋದು ದೊಡ್ಡ ತಪ್ಪು ಕಲ್ಪನೆ. ಹ್ಯಾಲೊಜೆನ್ ತನ್ನ ಬಿಸಿಯನ್ನ ಬಹುಪಾಲು ಬೆಳಕಿನ ಜೊತೆ ಮುಂದಕ್ಕೆ ಎಸೆಯುತ್ತೆ. ಎಲ್‌ಇಡಿಯ ಬಿಸಿ ಹಿಂದಕ್ಕೆ ಹೋಗುತ್ತೆ. ಅದಕ್ಕೇ ಹಿಂದೆ ಅಲ್ಯೂಮಿನಿಯಂ ರೆಕ್ಕೆ, ಪುಟಾಣಿ ಫ್ಯಾನು. ಆ ಫ್ಯಾನು ಎಲ್ಲಿ ಕೂತಿದೆ ನೋಡಿ. ಇಂಜಿನ್ ಪಕ್ಕ, ರಬ್ಬರ್ ಕವರಿನ ಒಳಗೆ ಅಥವಾ ಅದಕ್ಕೆ ತಾಗಿಕೊಂಡು. ರಾಯಚೂರು, ಕಲಬುರಗಿಯ ಏಪ್ರಿಲ್-ಮೇ ಬಿಸಿಲನ್ನ ಇದಕ್ಕೆ ಸೇರಿಸಿ. ಫ್ಯಾನಿಗೆ ಧೂಳು ತುಂಬಿ ನಿಂತ್ರೆ ಡ್ರೈವರು ತನ್ನನ್ನ ಉಳಿಸ್ಕೊಳ್ಳೋಕೆ ಬೆಳಕು ಕಮ್ಮಿ ಮಾಡುತ್ತೆ, ಒಳ್ಳೇ ಬಲ್ಬಾದ್ರೆ. ಅಗ್ಗದ್ದಾದ್ರೆ ಅದೂ ಇಲ್ಲ, ಸುಟ್ಕೊಂಡು ಹೋಗುತ್ತೆ. ಡ್ರೈವರ್ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಬಗ್ಗೆ ಎಲೆಕ್ಟ್ರಾನಿಕ್ಸ್‌ನವರು ಒಂದು ಲೆಕ್ಕ ಹೇಳ್ತಾರೆ: ಶಾಖ 10 ಡಿಗ್ರಿ ಏರಿದ್ರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತೆ. ಬಾಕ್ಸ್ ಮೇಲಿನ "50,000 ಗಂಟೆ" ಯಾಕೆ ಒಂದು ಬೇಸಿಗೆ ದಾಟಲ್ಲ ಅಂತ ಈಗ ಗೊತ್ತಾಯ್ತಲ್ಲ?

ಇದನ್ನ ಹಿಡಿಯೋಕೂ ಫೋನೇ ಸಾಕು. ಗೋಡೆ ಎದುರು ನಿಲ್ಲಿಸಿ, ಕ್ಯಾಮೆರಾದಲ್ಲಿ ಬೆಳಕಿನ ಜಾಗವನ್ನ ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಫೋನನ್ನ ಒಂದು ಕಡೆ ಅಲ್ಲಾಡದ ಹಾಗೆ ಇಟ್ಟು ಒಂದು ಫೋಟೋ. ಅರ್ಧ ಗಂಟೆ ಬಿಟ್ಟು ಇನ್ನೊಂದು. ಲಾಕ್ ಮಾಡದಿದ್ರೆ ಫೋನು ತಾನೇ ಬೆಳಕು ಸರಿದೂಗಿಸಿ ನಿಮಗೆ ಮೋಸ ಮಾಡುತ್ತೆ. ಮನೆ ಒಳಗೋ ಮುಚ್ಚಿದ ಗ್ಯಾರೇಜಲ್ಲೋ ಇಂಜಿನ್ ಆನ್ ಮಾಡಿ ಇದನ್ನ ಮಾಡ್ಬೇಡಿ, ಹೊಗೆ ತುಂಬಿದ್ರೆ ಪ್ರಾಣಕ್ಕೇ ಅಪಾಯ. ಬಯಲಲ್ಲೇ ಮಾಡಿ. ಫ್ಯಾನ್ ಜಾಗ ಸಾಲಲ್ಲ ಅಂತ ರಬ್ಬರ್ ಕವರನ್ನ ಕತ್ತರಿಸಿ ತೆಗೆದುಬಿಡೋ ಅಂಗಡಿಗಳೂ ಇವೆ. ದಯವಿಟ್ಟು ಒಪ್ಕೋಬೇಡಿ. ಆ ಕವರ್ ಹೋದ್ರೆ ಮೊದಲ ಮಳೆಗೇ ಹೆಡ್‌ಲೈಟ್ ಒಳಗೆ ಆವಿ ಕಟ್ಟುತ್ತೆ, ಧೂಳು ಕೂರುತ್ತೆ, ರಿಫ್ಲೆಕ್ಟರ್ ಮಸುಕಾಗುತ್ತೆ. ಆಮೇಲೆ ಬಲ್ಬಲ್ಲ, ಇಡೀ ಹೆಡ್‌ಲೈಟ್ ಅಸೆಂಬ್ಲಿಯ ಖರ್ಚು.

ಲೈಟ್ ಆಫ್ ಮಾಡಿದ್ಮೇಲೂ ಎಲ್‌ಇಡಿ ಸಣ್ಣಗೆ ಹೊಳೆಯುತ್ತೆ, ಅಥವಾ ಆಗಾಗ ಮಿಂಚುತ್ತೆ ಅಂತ ಹೆದರಿದವರು ಇದ್ದಾರೆ. ದೆವ್ವ ಅಲ್ಲ. ಬಲ್ಬು ಜೀವಂತ ಇದ್ಯಾ ಅಂತ ನೋಡೋಕೆ ಕೆಲವು ಕಾರುಗಳ ಕಂಪ್ಯೂಟರ್ ಆಫ್ ಇದ್ದಾಗಲೂ ಚೂರೇ ಚೂರು ಕರೆಂಟು ಕಳಿಸುತ್ತೆ. ಹ್ಯಾಲೊಜೆನ್ನಿಗೆ ಅದು ಏನಕ್ಕೂ ಸಾಲಲ್ಲ, ಎಲ್‌ಇಡಿಗೆ ಮಿನುಗೋಕೆ ಸಾಕು. ಇದಕ್ಕೂ, ಡ್ಯಾಶ್‌ಬೋರ್ಡಲ್ಲಿ "ಬಲ್ಬ್ ಹೋಗಿದೆ" ಅನ್ನೋ ಸೂಚನೆ ಬರೋದಕ್ಕೂ ಡಿಕೋಡರ್ ಸರಿಯಾದ ಮದ್ದು. ಅಲ್ಲಿ ಖರ್ಚು ಮಾಡಿ, ಬೇಡ ಅನ್ನಲ್ಲ.

ಇಂಡಿಕೇಟರ್ ಟಿಕ್‌ಟಿಕ್‌ಟಿಕ್ ಅಂತ ಎರಡರಷ್ಟು ವೇಗದಲ್ಲಿ ಹೊಡ್ಕೊಳ್ಳೋದು ಎಲ್ಲರಿಗೂ ಗೊತ್ತಿರೋದೇ. 21 ವ್ಯಾಟಿನ ಬಲ್ಬು ಇರಬೇಕಾದ ಜಾಗದಲ್ಲಿ ಎರಡು ಮೂರು ವ್ಯಾಟಿನ ಎಲ್‌ಇಡಿ ಕೂತಾಗ ಕಾರು ಬಲ್ಬು ಸುಟ್ಟಿದೆ ಅಂದ್ಕೊಳ್ಳುತ್ತೆ. ಫ್ಲ್ಯಾಶರ್ ರಿಲೇ ಬೇರೆಯಾಗಿ ಇರೋ ಹಳೇ ಕಾರಾದ್ರೆ ಎಲ್‌ಇಡಿಗೆ ಹೊಂದೋ ಫ್ಲ್ಯಾಶರ್ ಹಾಕಿ, ಮುಗೀತು. ಕಂಪ್ಯೂಟರ್ ಕಾರಾದ್ರೆ ಲೋಡ್ ರೆಸಿಸ್ಟರ್ ಹಾಕ್ತಾರೆ, ಬಂಗಾರದ ಬಣ್ಣದ ಪುಟ್ಟ ಇಟ್ಟಿಗೆ ಥರ ಇರುತ್ತಲ್ಲ, ಅದು. ಸಾಮಾನ್ಯವಾಗಿ 6 ಓಮ್. ಇಂಜಿನ್ ಓಡುವಾಗ 14 ವೋಲ್ಟಿಗೆ ಲೆಕ್ಕ ಹಾಕಿ: 2.3 ಆಂಪಿಯರ್, 32 ವ್ಯಾಟು. ಪೂರ್ತಿ ಬಿಸಿಯಾಗೇ ಹೋಗುತ್ತೆ ಅದು. ನೀರು ಕುದಿಯೋವಷ್ಟು ಕಾಯಬಹುದು. ಅದನ್ನ ಟೇಪ್ ಸುತ್ತಿ ಬಂಪರಿನ ಪ್ಲಾಸ್ಟಿಕ್ಕಿಗೆ ಅಂಟಿಸೋದು ನೋಡಿದ್ದೀನಿ. ಹಜಾರ್ಡ್ ಹಾಕ್ಕೊಂಡು ಒಂದು ಗಂಟೆ ನಿಂತ್ರೆ ಏನಾಗಬಹುದು ಯೋಚ್ನೆ ಮಾಡಿ. ಹಾಕೋದೇ ಆದ್ರೆ ಲೋಹದ ಮೇಲೆ ಸ್ಕ್ರೂ ಹಾಕಿ ಕೂರಿಸಬೇಕು. ನನ್ನ ಕೇಳಿದ್ರೆ ಇಂಡಿಕೇಟರಿಗೆ ಹಳೇ ಬಲ್ಬೇ ಇರಲಿ. ಅರವತ್ತು ರೂಪಾಯಿ ಬಲ್ಬಿನ ಜಾಗಕ್ಕೆ ಸಾವಿರ ರೂಪಾಯಿ ಸಾಮಾನು, ಉಳಿಯೋ ಕರೆಂಟು ಸೊನ್ನೆ.

ಪಾರ್ಕಿಂಗ್ ಲೈಟಿನ ಸಣ್ಣ ಎಲ್‌ಇಡಿ ಹೊತ್ತದೇ ಇದ್ರೆ ಅಂಗಡಿಗೆ ಓಡೋ ಮುಂಚೆ ತಿರುಗಿಸಿ ಹಾಕಿ ನೋಡಿ, ಪ್ಲಸ್ ಮೈನಸ್ ಉಲ್ಟಾ ಆಗಿರುತ್ತೆ. ಎಚ್4 ಬಲ್ಬಿನ ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಜಪಾನೀ ವಿನ್ಯಾಸದವುಗಳಲ್ಲಿ, ಡಿಮ್-ಹೈ ಬದಲಾಗೋದು ಮೈನಸ್ ಕಡೆಯಿಂದ. ಅದಕ್ಕೆ ಹೊಂದದ ಎಲ್‌ಇಡಿ ಹಾಕಿದ್ರೆ ಎರಡೂ ಒಟ್ಟಿಗೆ ಹೊತ್ತೋದು, ನೀಲಿ ಹೈ ಬೀಮ್ ಗುರುತು ತಪ್ಪು ತೋರಿಸೋದು ಆಗುತ್ತೆ. ಕೊಳ್ಳುವಾಗಲೇ ಕೇಳಿ. ಇನ್ನು ಲೈಟ್ ಹಾಕಿದ ತಕ್ಷಣ ಎಫ್‌ಎಂ ರೇಡಿಯೋದಲ್ಲಿ ಕರಕರ ಬಂದ್ರೆ ಅದೂ ಅಗ್ಗದ ಡ್ರೈವರಿನ ಗುರುತೇ. ಆ ಬಲ್ಬಿನ ಒಳಗೆ ಇನ್ನೇನೇನು ಉಳಿಸಿದ್ದಾರೋ ದೇವರಿಗೇ ಗೊತ್ತು.

ಬಾಕ್ಸಿನ ಅಂಕಿಗಳ ಬಗ್ಗೆ ಅಕೌಂಟ್ಸ್ ಓದಿದವರಾಗಿ ಎರಡು ಮಾತು ಆಡದೇ ಇರೋಕಾಗಲ್ಲ. ಕಂಪನಿಯ ಎಚ್4 ಹ್ಯಾಲೊಜೆನ್ ಡಿಮ್ಮಲ್ಲಿ ಸುಮಾರು 1,000 ಲುಮೆನ್, ಹೈ ಬೀಮಲ್ಲಿ ಸುಮಾರು 1,650. ಎಚ್7 ಸುಮಾರು 1,500. ಜೆ.ಸಿ. ರೋಡಲ್ಲಿ, ಆನ್‌ಲೈನಲ್ಲಿ ಸಿಗೋ ಬಾಕ್ಸ್ ಮೇಲೆ ಒಂದು ಬಲ್ಬಿಗೆ 20,000 ಲುಮೆನ್ ಅಂತಿರುತ್ತೆ. ಇಂಥ ಎಲ್‌ಇಡಿ ಒಂದು ವ್ಯಾಟಿಗೆ ನೂರು ಲುಮೆನ್ ಕೊಡುತ್ತೆ ಅಂತಲೇ ಇಟ್ಕೊಳ್ಳಿ. ಹಾಗಾದ್ರೆ ಅದಕ್ಕೆ 200 ವ್ಯಾಟು ಬೇಕು, ಅಂದ್ರೆ 16 ಆಂಪಿಯರ್. ಅಷ್ಟು ಎಳೆದ್ರೆ ಮೊದಲು ಹೆಡ್‌ಲೈಟಿನ ಫ್ಯೂಸೇ ಹಾರಬೇಕಿತ್ತು. ಹಾರಿಲ್ಲ ಅಂದ್ರೆ ಅಂಕಿ ಸುಳ್ಳು. ವ್ಯಾಟು ನೋಡಿ ಕೊಳ್ಳಿ, ಬಿಲ್ಲು ತಗೊಳ್ಳಿ, ವಾರಂಟಿ ಅಂಗಡಿಯವರದ್ದಾ ಕಂಪನಿಯದ್ದಾ ಕೇಳಿ. ಕಂಪನಿ ವೈರು ಕತ್ತರಿಸಿ ಜೋಡಿಸೋಕೆ ಬಿಡಬೇಡಿ, ಕಪ್ಲರಿಂದ ಕಪ್ಲರಿಗೆ ಮಾತ್ರ. ಕತ್ತರಿಸಿದ ಮೇಲೆ ಕಾರಿನ ವಾರಂಟಿಯಲ್ಲಿ ಎಲೆಕ್ಟ್ರಿಕಲ್ ದೂರು ತಗೊಂಡು ಹೋದ್ರೆ ಅವರು ತೋರಿಸೋ ಮೊದಲ ಜಾಗವೇ ಅದು.

ಮಿಟುಕು ನಿಂತ ಮೇಲೂ ಒಂದು ಕೆಲಸ ಉಳಿದಿರುತ್ತೆ, ಅದನ್ನ ಜನ ಮರೀತಾರೆ. ಎದುರಿನವರ ಕಣ್ಣು. ಹ್ಯಾಲೊಜೆನ್ ರಿಫ್ಲೆಕ್ಟರನ್ನ ತಯಾರಿಸಿರೋದು ಒಂದು ಸಣ್ಣ ತಂತಿ ಇಂಥ ಜಾಗದಲ್ಲೇ ಇರುತ್ತೆ ಅನ್ನೋ ಲೆಕ್ಕದ ಮೇಲೆ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಇದ್ರೂ ಬೆಳಕು ಮೇಲಕ್ಕೆ ಚೆಲ್ಲುತ್ತೆ. ಎಲ್‌ಇಡಿ ಹಾಕೋ ಮುಂಚೆಯೇ ಹ್ಯಾಲೊಜೆನ್ ಡಿಮ್ ಬೆಳಕು ಗೋಡೆ ಮೇಲೆ ಎಲ್ಲಿಗೆ ನಿಲ್ಲುತ್ತೆ ಅಂತ ಇಪ್ಪತ್ತೈದು ಅಡಿ ದೂರದಿಂದ ನೋಡಿ ಟೇಪ್ ಅಂಟಿಸಿ. ಎಲ್‌ಇಡಿ ಹಾಕಿದ್ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಹೋಲಿಸಿ. ಚಿಪ್‌ಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು, ಗಡಿಯಾರದ ಮೂರು ಮತ್ತು ಒಂಬತ್ತರ ಥರ. ಮೇಲೆ ಕೆಳಗೆ ಇದ್ರೆ ತಿರುಗಿಸಿ. ಆದರೂ ಬೆಳಕು ಟೇಪಿನ ಮೇಲೆ ಚೆಲ್ಲುತ್ತಾ ಇದ್ರೆ ಆ ಬಲ್ಬು ನಿಮ್ಮ ಕಾರಿಗೆ ಆಗಲ್ಲ.

2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ಹೆಡ್‌ಲೈಟ್‌ಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕೋಕೆ ಶುರು ಮಾಡಿದ್ದು ನೆನಪಿರಬೇಕು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್. 2019ರ ತಿದ್ದುಪಡಿ ಪ್ರಕಾರ ಮೊದಲ ಸಲಕ್ಕೆ 500 ರೂಪಾಯಿ ತನಕ, ಮತ್ತೆ ಸಿಕ್ಕಿಬಿದ್ರೆ 1,500 ತನಕ ದಂಡ. ಜರ್ಮನಿಯಲ್ಲಿ 2020ರ ತನಕ ಹ್ಯಾಲೊಜೆನ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬು ಹಾಕೋಕೆ ರಸ್ತೆ ಅನುಮತಿಯೇ ಇರಲಿಲ್ಲ. ಆ ವರ್ಷ ಓಸ್ರಾಮ್ ಕಂಪನಿಯ ಒಂದು ಎಚ್7 ಬಲ್ಬಿಗೆ ಸಿಕ್ತು, ಅದೂ ಎಲ್ಲಾ ಕಾರಿಗಲ್ಲ, ಪಟ್ಟಿಯಲ್ಲಿರೋ ಮಾಡೆಲ್‌ಗಳಿಗೆ ಮಾತ್ರ. ಒಂದೊಂದು ಕಾರಿನ ಹೆಡ್‌ಲೈಟಲ್ಲೂ ಹಾಕಿ ಪರೀಕ್ಷೆ ಮಾಡಿದ್ಮೇಲೆ. ನಮ್ಮಲ್ಲಿ ಎಲ್ಲಾ ಕಾರಿಗೂ ಒಂದೇ ಬಲ್ಬು, ಹತ್ತು ನಿಮಿಷದಲ್ಲಿ ಫಿಟ್ಟಿಂಗು.

ನಮ್ಮಣ್ಣ ಈಗ ಏನು ಹಾಕಿದ್ದಾನೆ ಅಂತ ಕೇಳ್ತೀರಾ ಅಂತ ಗೊತ್ತು. ಬೋಲ್ಟು ಸರಿಯಾದ ಮೇಲೆ ಒಂದು ರಾತ್ರಿ ಹಳೇ ಹ್ಯಾಲೊಜೆನ್ನನ್ನೇ ಹಾಕಿ ಘಾಟಿ ಇಳಿದ. "ಏ, ಇದೇ ಸಾಕಾಗಿತ್ತಲ್ಲೋ" ಅಂತ ಫೋನ್ ಮಾಡಿದ್ದ. ಪೂರ್ತಿ ವೋಲ್ಟೇಜು ಸಿಕ್ಕಿದ ಹ್ಯಾಲೊಜೆನ್ ಹೇಗೆ ಉರಿಯುತ್ತೆ ಅಂತ ಒಂದು ವರ್ಷದಿಂದ ಅವನಿಗೆ ಕಂಡೇ ಇರಲಿಲ್ಲ. ಈಗಲೂ ಅದೇ ಓಡ್ತಿದೆ, ಮಂಜಿನಲ್ಲಿ ಆ ಹಳದಿ ಬೆಳಕೇ ವಾಸಿ ಅಂತಾನೆ. ಎಲ್‌ಇಡಿ ಜೋಡಿ ಎರಡೂ ಮನೆ ಅಟ್ಟದ ಮೇಲಿದೆ, ಯಾರಿಗಾದ್ರೂ ಬೇಕಾದ್ರೆ ಹೇಳಿ ಅಂದಿದ್ದಾನೆ.

ನಿಮ್ಮ ಲೈಟಿನ ಸ್ಲೋ ಮೋಷನ್ ವಿಡಿಯೋ ಕಳಿಸಿ. ಜೊತೆಗೆ ಕಾರಿನ ಮಾಡೆಲ್, ಯಾವ ವರ್ಷದ್ದು, ಒಂದು ಕಡೆನಾ ಎರಡೂ ಕಡೆನಾ, ಬಲ್ಬು ಅದಲುಬದಲು ಮಾಡಿದಾಗ ಏನಾಯ್ತು, ಇಷ್ಟನ್ನೂ ಬರೀರಿ. ಅದಲುಬದಲು ಮಾಡದೇ ಕಳಿಸಿದ್ರೆ ವಾಪಸ್ ಕಳಿಸ್ತೀನಿ, ಈಗಲೇ ಹೇಳಿದ್ದೀನಿ. ಮುಂದಿನ ವಾರ ಕಾರ್ ಇನ್ಶೂರೆನ್ಸ್‌ನಲ್ಲಿ ಝೀರೋ ಡೆಪ್ ಅಂದ್ರೇನು ಅಂತ ಮಾತಾಡೋಣ.